ಖಾಲಿ ಜಾಗಕ್ಕೆ ಬರೆದ ಸಾಲು

ಮಾನ್ಯ ಅಧ್ಯಕ್ಷರೇ, ಮಕ್ಕಳ ಕುರ್ಚಿಯಲ್ಲಿ ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು ಕೂತಿದ್ದರೂ ಗಾಂಭೀರ್ಯ ಬಿಡದ ಮುಖ್ಯ ಅತಿಥಿಗಳೇ, ಈ ಪುಟ್ಟ ಶಾಲೆಯನ್ನು ನಡೆಸುತ್ತಿರುವ, ಮಕ್ಕಳೆಲ್ಲ ‘ದೊಡ್ಡಮ್ಮ’ ಎಂದು ಕರೆಯುವ, ಆದ್ದರಿಂದ ನಾವೂ ಹಾಗೇ ಕರೆಯುವ ದೊಡ್ಡಮ್ಮನವರೇ, ಪೋಷಕರ ಬಳಗದ ಪದಾಧಿಕಾರಿಗಳೇ, ನಮ್ಮ ಪ್ರೆಸ್ಸಿನ ಯಜಮಾನರೇ, ಮುಂದಿನ ಸಾಲಿನಲ್ಲಿರುವ ನನ್ನ ಭಾವನವರೇ, ಮೂರನೇ ಸಾಲಿನಲ್ಲಿರುವ ಭಾವನವರ ತಂಗಿಯೇ, ಅಂದರೆ ನನ್ನ ಹೆಂಡತಿಯೇ, ಮತ್ತು ಬಾಗಿಲ ಬಳಿ ಚಪ್ಪಲಿ ಗೂಡಿನ ಪಕ್ಕದಲ್ಲೇ ನಿಂತುಬಿಟ್ಟಿರುವ ಸಭಿಕರೇ, ದಯವಿಟ್ಟು ಒಳಗೆ ಬನ್ನಿ. ಇಲ್ಲಿ ಕುರ್ಚಿ ಚಿಕ್ಕದು, ಆದರೆ ನೆಲ ದೊಡ್ಡದು.

ಈ ಸಂಜೆ ಬಾಗಿಲು ತೆರೆದದ್ದು ‘ಪೋಷಕರ ಮಾಹಿತಿ ಕೊಠಡಿ’. ಪುಟ್ಟ ಮಕ್ಕಳಿಗೆ ಮಾಮೂಲಿ ನರ್ಸರಿ ಬೇಡ, ಬೇರೆ ಥರದ ಕಲಿಕೆ ಬೇಕು, ಆದರೆ ಅದು ಎಲ್ಲಿ ಸಿಗುತ್ತದೋ ಗೊತ್ತಿಲ್ಲ ಎಂದು ತಲೆ ಕೆಡಿಸಿಕೊಂಡ ಮನೆಯವರು ಇನ್ನು ಮೇಲೆ ಬೀದಿ ಬೀದಿ ಅಲೆಯಬೇಕಾಗಿಲ್ಲ. ಪಕ್ಕದ ಕೊಠಡಿಗೆ ಬಂದು, ಒಂದೇ ಕಡೆ ಕೂತು ತಲೆ ಕೆಡಿಸಿಕೊಳ್ಳಬಹುದು. ಇದು ಬಹು ದೊಡ್ಡ ಅನುಕೂಲ.

ನನಗೆ ಮಾತಾಡಲು ಕೊಟ್ಟ ವಿಷಯ ‘ಮಾಹಿತಿಯ ಮಹತ್ವ’. ಕೈಯಲ್ಲಿ ಕೊಟ್ಟದ್ದು ಈ ಫಲಕ. ಇದರಲ್ಲಿ ಬರೆದಿದೆ: ‘ನೂರಾರು ಕುಟುಂಬಗಳಿಗೆ ದಾರಿ ತೋರಿದ ಶಿಶುಶಿಕ್ಷಣ ತಜ್ಞರಿಗೆ’. ಈ ಫಲಕ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲೇ. ಅದರ ಕರಡು ತಿದ್ದಲು ಬಂದದ್ದು ನನ್ನ ಮೇಜಿಗೇ. ನನ್ನನ್ನು ನಾನೇ ಹೊಗಳಿಕೊಳ್ಳುವ ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಯೋಚಿಸುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ ಹೇಳಿ? ‘ತಜ್ಞ’ ಎಂಬುದನ್ನು ನಾನು ಹೊಡೆದುಹಾಕಿದೆ. ಯಜಮಾನರು ಮತ್ತೆ ಸೇರಿಸಿದರು. “ಹೊಗಳಿಕೇಲಿ ಯಾಕಯ್ಯ ಕೈ ಬಿಗಿ ಮಾಡ್ತೀಯ? ಜಾಗ ಇದೆಯಲ್ಲ, ಇರಲಿ ಬಿಡು” ಅಂದರು. ಜಾಗ ಇದ್ದರೆ ಮಾತು ಇರಬೇಕು ಎಂಬುದು ನಮ್ಮ ಯಜಮಾನರ ಸಿದ್ಧಾಂತ. ಆ ಸಿದ್ಧಾಂತದಿಂದಲೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಅದು ಆಮೇಲೆ.

ಸಭಿಕರೇ, ನಾನು ತಜ್ಞನಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ, ಅಚ್ಚಿನ ಮನೆ ಸೇರಿ, ಹುಚ್ಚಿನ ಹಾಗೆ ಕರಡು ತಿದ್ದಿ, ಕಣ್ಣಿಗೆ ಕನ್ನಡಕ, ಸೊಂಟಕ್ಕೆ ನೋವು ಸಂಪಾದಿಸಿದವನು. ಹಾಗಿದ್ದರೆ ಕುಟುಂಬಗಳಿಗೆ ದಾರಿ ತೋರಿದ್ದು ಯಾರು? ದಾರಿ ತೋರಿದ್ದು ಒಂದು ತಂತಿ.

ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ. ಯಾವ ಕೆಲಸ ಅಚ್ಚಾದರೂ ಅದರ ಒಂದು ಪ್ರತಿಯನ್ನು ಕೌಂಟರಿನ ಹಿಂದಿನ ಗೋಡೆಗೆ ಕಟ್ಟಿದ ತಂತಿಗೆ ಕ್ಲಿಪ್ ಹಾಕಿ ತೂಗುಬಿಡುತ್ತೇವೆ. ಗಿರಾಕಿ ಮತ್ತೆ ಬಂದು “ಹೋದ ಸಲದ್ದೇ ಹಾಕಿಕೊಡಿ” ಅಂದರೆ ಹುಡುಕಾಡಬಾರದಲ್ಲ, ಅದಕ್ಕೆ. ಬಟ್ಟೆ ಒಣಗಿಸಿದ ಹಾಗೆ ಕಾಣುತ್ತದೆ. ಕೆಲವು ವರ್ಷಗಳಿಂದ ಆ ತಂತಿಯ ಮೇಲೆ ಹೊಸ ಥರದ ಬಟ್ಟೆ ಬರಲು ಶುರುವಾಯಿತು. ಮರದ ಆಟಿಕೆ ಬಿಟ್ಟು ಬೇರೇನನ್ನೂ ಮುಟ್ಟಿಸದ ಶಾಲೆಯ ಕರಪತ್ರ. ಚಾವಣಿಯೇ ಇಲ್ಲದ, ತೋಟದಲ್ಲಿ ನಡೆಯುವ ಶಾಲೆಯ ಕರಪತ್ರ. ಏಳು ವರ್ಷದ ತನಕ ಅಕ್ಷರ ತೋರಿಸೆವು ಎಂದು ಅಕ್ಷರದಲ್ಲೇ ಘೋಷಿಸಿದ ಶಾಲೆಯ ಕರಪತ್ರ. ಮಕ್ಕಳೇ ತರಕಾರಿ ಹೆಚ್ಚಿ, ತಟ್ಟೆ ತೊಳೆದು, ನೆಲ ಒರೆಸುವ ಶಾಲೆಯದು. ಇದನ್ನು ಓದಿ ನನ್ನ ಹೆಂಡತಿ “ದೊಡ್ಡವರನ್ನೂ ಸೇರಿಸ್ಕೋತಾರಾ ಕೇಳಿ, ನಿಮ್ಮನ್ನ ಕಳಿಸ್ತೀನಿ” ಅಂದಿದ್ದಳು. ಶಾಲೆಯೇ ಬೇಡವೆಂದು ಯಾರದೋ ಗ್ಯಾರೇಜಿನಲ್ಲಿ ಕಾರು ಹೊರಗೆ ನಿಲ್ಲಿಸಿ ಮಕ್ಕಳನ್ನು ಒಳಗೆ ಆಡಿಸುವ ನಾಲ್ಕಾರು ಮನೆಯವರದು.

ಬಿಲ್ ಪುಸ್ತಕ ಮಾಡಿಸಲು ಬಂದ ಒಬ್ಬ ಅಂಗಡಿಯಾಕೆ ತಂತಿ ನೋಡಿ ನಿಂತರು. “ಸಾರ್, ಇವೆಲ್ಲ ಎಲ್ಲಿವೆ? ನಾನು ಒಂದು ವರ್ಷದಿಂದ ಹುಡುಕ್ತಾ ಇದೀನಿ, ಒಂದೂ ಸಿಕ್ಕಿರಲಿಲ್ಲ” ಅಂದರು. ಫೋನ್ ನಂಬರ್ ಬರೆದುಕೊಂಡು ಹೋದರು. ಮಾರನೇ ವಾರ ಅವರ ನಾದಿನಿ ಬಂದರು. ನಾದಿನಿಯ ಗೆಳತಿ ಬಂದರು. ಆಮೇಲೆ ಅಚ್ಚು ಹಾಕಿಸುವವರಿಗಿಂತ ತಂತಿ ನೋಡುವವರೇ ಹೆಚ್ಚಾದರು. ಎಲ್ಲರದೂ ಒಂದೇ ಪ್ರಶ್ನೆ: “ಇದ್ರಲ್ಲಿ ಯಾವುದು ಒಳ್ಳೇದು ಸಾರ್?”

ನಾನು ಏನು ಹೇಳಬೇಕಿತ್ತು? ಗೊತ್ತಿದ್ದದ್ದನ್ನು ಹೇಳಿದೆ. “ಇದು ಒಳ್ಳೇದು, ದಪ್ಪ ಕಾಗದ. ಅದು ಬೇಗ ಮಾಸುತ್ತೆ.” ಅವರು ತಲೆದೂಗಿದರು. ನಾನು ಏನೋ ಒಳಾರ್ಥದ ಮಾತಾಡಿದೆ ಅಂದುಕೊಂಡರು. ಒಬ್ಬ ತಂದೆ ಹೆಂಡತಿಗೆ ಫೋನ್ ಮಾಡಿ, “ಆ ಸ್ಕೂಲು ಬೇಗ ಮಾಸುತ್ತಂತೆ ಕಣೇ” ಎಂದು ಪಿಸುಗುಟ್ಟಿದ್ದನ್ನು ನಾನೇ ಕೇಳಿದೆ. ಆ ತಂದೆ ಇಲ್ಲೇ ಎಲ್ಲೋ ಇರಬೇಕು. ಕೈ ಎತ್ತಬೇಡಿ, ನಾನೂ ಬೆರಳೆತ್ತಿ ತೋರಿಸುವುದಿಲ್ಲ.

ಹೀಗೆ ನಾನು ತಜ್ಞನಾದೆ. ಆ ತಂತಿಯನ್ನೇ ಇವತ್ತು ಬಿಚ್ಚಿ ತಂದು ಪಕ್ಕದ ಕೊಠಡಿಯಲ್ಲಿ ಕಟ್ಟಿದ್ದಾರೆ. ಕ್ಲಿಪ್ಪುಗಳು ಹೊಸವು.

ಈಗ ಮಾಹಿತಿಯ ಮಹತ್ವಕ್ಕೆ ಬರೋಣ. ಮಾಹಿತಿ ಎಂದರೇನು? ಹಾಳೆಯ ಮೇಲೆ ಇರುವುದು. ಹಾಳೆಯ ಮೇಲೆ ಅದು ಎಲ್ಲಿಂದ ಬಂತು? ಇಲ್ಲಿ ನನಗೆ ಸ್ವಲ್ಪ ಗೊಂದಲ ಇದೆ, ಕ್ಷಮಿಸಬೇಕು. ಹೊಸ ಥರದ ಶಾಲೆ ತೆಗೆಯುವವರು ಬಹಳ ಒಳ್ಳೆಯವರು, ಆದರೆ ಅವರಿಗೆ ವಾಕ್ಯ ಮುಗಿಸುವ ಅಭ್ಯಾಸ ಇಲ್ಲ. ‘ಮಗುವಿನ ಒಳಗಿನ ಸಹಜ ಸೃಜನಶೀಲ ಸಮಗ್ರ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿ ಕೊಟ್ಟುಹೋಗುತ್ತಾರೆ. ಸಮಗ್ರ ಏನು? ಕೇಳಲು ಫೋನ್ ಮಾಡಿದರೆ ತೋಟದಲ್ಲಿರುತ್ತಾರೆ. ಆಗ ಕರಡು ತಿದ್ದುವವನು ಏನು ಮಾಡಬೇಕು? ನಾನು ಮುಗಿಸುತ್ತಿದ್ದೆ. ಮುಗಿಸುವಾಗ ನನ್ನ ಚಟ, ಒಂದು ಪ್ರಾಸ ಬಂದುಬಿಡುತ್ತದೆ. ‘ಮಣ್ಣಿನಲ್ಲಿ ಆಟ, ಕಣ್ಣಿನಲ್ಲಿ ಪಾಠ’ ನನ್ನದು. ‘ಗಂಟೆಯಿಲ್ಲ, ತಂಟೆಯಿಲ್ಲ’ ಎಂಬುದೂ ನನ್ನದೇ. ಗ್ಯಾರೇಜಿನವರಿಗೆ ‘ಮನೆಯೇ ಶಾಲೆ, ಇಲ್ಲ ತಲೆನೋವಿನ ಮಾಲೆ’ ಎಂದು ಬರೆದೆ. ಅದು ಅಷ್ಟು ಚೆನ್ನಾಗಿ ಬರಲಿಲ್ಲ ಎಂದು ಒಪ್ಪುತ್ತೇನೆ.

ಈಗ ಎಷ್ಟೋ ಜನ ಕೈಯಲ್ಲಿರುವ ಬೇರೆ ಬೇರೆ ಶಾಲೆಗಳ ಕರಪತ್ರ ಬಿಚ್ಚಿ ನೋಡುತ್ತಿದ್ದೀರಿ. ಹೌದು, ಹೌದು, ಅದೂ ನಂದೇ.

ಅಂದರೆ ಒಂದು ಮನೆಯವರು ಐದು ಕರಪತ್ರ ಓದಿ ಐದು ಶಾಲೆ ಹೋಲಿಸಿದರೆ, ಅವರು ಹೋಲಿಸಿದ್ದು ಯಾವುದನ್ನು? ಐದು ಬಾಯಿ, ಒಂದೇ ನಾಲಿಗೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ, ಇದು ನನ್ನ ಕೆಲಸ. ಮದುವೆಯ ಕರೆಯೋಲೆಗೂ ನಾನೇ ಒಕ್ಕಣೆ ಬರೆಯುತ್ತೇನೆ, ಹಾಗೆಂದು ಯಾರ ಸಂಸಾರಕ್ಕೂ ನಾನು ಜವಾಬ್ದಾರನಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನಗೆ ಕೊಟ್ಟ ಸಮಯ ಎಷ್ಟು ಅಂತ ನಾನು ಕೇಳಿಕೊಂಡಿರಲಿಲ್ಲ. ಮುಂದುವರಿಸುತ್ತೇನೆ.

ಎಲ್ಲ ಮನೆಗೂ ದಾರಿ ತೋರಿದವನ ಮನೆಯ ಕಥೆ ಏನು ಎಂದು ನೀವು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ.

ನಮಗೆ ಒಬ್ಬಳೇ ಮಗಳು. ನಾಲ್ಕು ತುಂಬಿದೆ. ಪುಟ್ಟಿ ಅನ್ನುತ್ತೇವೆ. ಮನೆಯಲ್ಲಿ ಅವಳ ಬಾಯಿಗೆ ಬೀಗವಿಲ್ಲ. ನಲ್ಲಿಗೆ ಬೈಯುತ್ತಾಳೆ, ದಿಂಬಿಗೆ ಬುದ್ಧಿ ಹೇಳುತ್ತಾಳೆ, ನಾನು ಊಟಕ್ಕೆ ತಡ ಮಾಡಿದರೆ “ನಿಮ್ಮ ಅಪ್ಪ ಎಲ್ಲಿ ಅಂತ ತಟ್ಟೆ ಕೇಳ್ತಾ ಇದೆ” ಅನ್ನುತ್ತಾಳೆ. ಹೊಸ್ತಿಲು ದಾಟಿದರೆ ಮುಗಿಯಿತು. ಬೇರೆಯವರ ಎದುರು ಒಂದು ಅಕ್ಷರ ಇಲ್ಲ. ಏನಾದರೂ ಬೇಕಾದರೆ ನನ್ನ ಕಾಲರ್ ಹಿಡಿದು ಬಗ್ಗಿಸಿ ಕಿವಿಯಲ್ಲಿ ಹೇಳುತ್ತಾಳೆ. ನನ್ನ ಅಂಗಿಗಳ ಕಾಲರೆಲ್ಲ ಒಂದೇ ಕಡೆ ಜೋತುಬಿದ್ದಿರುವುದಕ್ಕೆ ಇದೇ ಕಾರಣ, ದರ್ಜಿಯ ತಪ್ಪಿಲ್ಲ.

ಭಾವನವರು ದೊಡ್ಡ ಶಾಲೆಯೊಂದರಲ್ಲಿ ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ನಲವತ್ತು ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಿಸುವವರಿಗೆ ಒಂದು ಮಗುವಿನ ಬಾಯಿಂದ ಮಾತು ಹೊರಡಿಸುವುದು ಕಷ್ಟವೇ? “ಕರ್ಕೊಂಡು ಬನ್ನಿ, ನಾನಿದ್ದೀನಲ್ಲ” ಅಂದರು. ಹೋದೆವು. ಸಂದರ್ಶನ ಮಾಡಿದ ಮೇಡಂ ಚಿತ್ರ ತೋರಿಸಿ ತೋರಿಸಿ ಕೇಳಿದರು. ಇದೇನು? ಇದೇನು ಪುಟ್ಟಾ? ಛತ್ರಿಯ ಚಿತ್ರ ಹಿಡಿದುಕೊಂಡು ಬಹಳ ಹೊತ್ತು ಕೇಳಿದರು. ಇವಳು ಅವರ ಮುಖ ನೋಡುತ್ತ ಕೂತಳು. ಹೊರಗೆ ಬಂದ ಮೇಲೆ ನನ್ನ ಕಾಲರ್ ಎಳೆದು, “ಅಪ್ಪಾ, ಆ ಆಂಟಿಗೆ ಛತ್ರಿ ಗೊತ್ತಿಲ್ಲ. ಪಾಪ” ಅಂದಳು.

ಆದರೂ ಭಾವನವರು ಬಿಡಲಿಲ್ಲ. ಅವರ ಒಳ್ಳೆಯತನದ ಬಗ್ಗೆ ನನ್ನ ಮನೆಯಲ್ಲಿ ಎರಡು ಮಾತಿಲ್ಲ. ಅಲ್ಲಿ ಮಾತು ಬಿಡಿಸುವುದಕ್ಕೇ ಒಬ್ಬ ಟೀಚರ್ ಇದ್ದಾರೆ. ಶಾಲೆ ಶುರುವಾಗುವ ಮುಂಚೆ ಅವರ ಹತ್ತಿರ ಕೂರಿಸಿದರೆ ಸರಿ ಮಾಡುತ್ತಾರಂತೆ. ಆ ಷರತ್ತಿನ ಮೇಲೆ ಭಾವ ಒಂದು ಸೀಟು ಹಿಡಿದಿಟ್ಟಿದ್ದಾರೆ. “ಎಷ್ಟು ದಿನ ಅಂತ ಹಿಡ್ಕೊಂಡಿರಲಿ ಮಾರಾಯ? ಸಂಜೆ ಅಷ್ಟರಲ್ಲಿ ಹೂಂ ಅಥವಾ ಉಹೂಂ ಹೇಳಿ” ಅಂದಿದ್ದಾರೆ. ಯಾವ ಸಂಜೆ? ಈ ಸಂಜೆ. ಅವರು ಮುಂದಿನ ಸಾಲಿನಲ್ಲಿ ಕೂತಿರುವುದು ನನ್ನ ಭಾಷಣ ಕೇಳಲು ಅಂತ ಅಧ್ಯಕ್ಷರು ಸ್ವಾಗತದಲ್ಲಿ ಹೇಳಿದರು. ಇರಬಹುದು.

ಮಾತು ಬಿಡಿಸುವುದು. ಇದರ ಬಗ್ಗೆ ಒಂದು ಸಣ್ಣ ಉಪಕಥೆ. ನಾನೂ ಚಿಕ್ಕವನಿದ್ದಾಗ ಶಾಲೆಯಲ್ಲಿ ಮಾತಾಡುತ್ತಿರಲಿಲ್ಲವಂತೆ. ಅಂತೆ ಯಾಕೆ, ನನಗೆ ನೆನಪಿದೆ. ನಮ್ಮ ಮೇಷ್ಟ್ರು ಒಳ್ಳೆಯವರು, ಹೊಡೆಯಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿ, “ಏನಾದ್ರೂ ಒಂದು ಹೇಳು, ಇಳೀಬಹುದು” ಅಂದರು. ಏನಾದರೂ ಅಂದರೆ ಏನು? ಮೇಲಿಂದ ಎಲ್ಲರ ನೆತ್ತಿ ಕಾಣುತ್ತಿತ್ತು. ಕೊನೆಗೆ ಪುಸ್ತಕದಲ್ಲಿದ್ದ ಒಂದು ಪದ್ಯ ಬಾಯಿಗೆ ಬಂತು, ಪ್ರಾಸ ಇದ್ದದ್ದರಿಂದ ತಾನೇ ತಾನಾಗಿ ಉರುಳಿಕೊಂಡು ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಇಳಿಸಿದರು. ಆವತ್ತು ತೆರೆದ ಬಾಯಿ ಈವತ್ತಿನವರೆಗೂ ಮುಚ್ಚಿಲ್ಲ, ನೀವೇ ನೋಡುತ್ತಿದ್ದೀರಿ. ಮಾತು ಬಿಡಿಸುವುದು ಫಲ ಕೊಡುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಆದರೆ ಒಂದು ವಿಚಿತ್ರ. ಪ್ರಾಸ ಇದ್ದರೆ ನನಗೆ ಯಾವ ಸಭೆಯಾದರೂ ಸರಿ. ಪ್ರಾಸ ಇಲ್ಲದ ಮಾತು, ಅಂದರೆ ಇಬ್ಬರೇ ಇದ್ದಾಗ ಹೇಳಬೇಕಾದ ನೆಟ್ಟಗಿನ ಮಾತು, ಗಂಟಲಲ್ಲೇ ನಿಲ್ಲುತ್ತದೆ. ಮಗಳ ಶಾಲೆಯ ವಿಚಾರ ತೆಗೆದಾಗಲೆಲ್ಲ ನಾನು ಏನೋ ಒಂದು ಪ್ರಾಸ ಕಟ್ಟುತ್ತೇನೆ. ಹೆಂಡತಿ, “ಜೋಕು ಆಯ್ತಾ? ಈಗ ಉತ್ತರ ಹೇಳಿ” ಅನ್ನುತ್ತಾಳೆ. ನಾನು ಇನ್ನೊಂದು ಜೋಕು ಹುಡುಕುತ್ತೇನೆ. ಈಗಲೂ ಬೆಂಚಿನ ಮೇಲೆ ನಿಂತ ಹಾಗೇ ಅನಿಸುತ್ತದೆ... ಇದನ್ನು ಯಾಕೆ ಹೇಳಿದೆ? ಟಿಪ್ಪಣಿಯಲ್ಲಿ ಇಲ್ಲ ಇದು. ಒಂದು ನಿಮಿಷ. ಹಾಂ, ‘ಮಾಹಿತಿ ಮತ್ತು ತಾಯಂದಿರು’.

ನನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಸೂಜಿ ಚುಚ್ಚುವವಳು. “ಏನಾಗಿದೆ ಸಿಸ್ಟರ್?” ಎಂದು ಯಾರು ಕೇಳಿದರೂ “ರಿಪೋರ್ಟ್ ಬರಲಿ” ಎಂಬುದೊಂದೇ ಉತ್ತರ. ಮನೆಯಲ್ಲೂ ಹಾಗೇ. ನಾನು ಸಾಲನ್ನು ನಂಬುವವನು, ಅವಳು ಸ್ಯಾಂಪಲ್ ನಂಬುವವಳು. ಅಂಥವಳು ಒಂದು ದಿನ, ನಾನು ಕಪಾಟಿಗೆ ಹಾಸಲು ತಂದಿದ್ದ ಹಾಳು ಪ್ರತಿಗಳ ಕಂತೆಯಲ್ಲಿ ಒಂದು ಕರಪತ್ರ ಓದುತ್ತ ಸ್ಟವ್ ಮುಂದೆ ನಿಂತುಬಿಟ್ಟಳು. ಹಾಲು ಉಕ್ಕಿತು. ಅವಳು ನೋಡಲಿಲ್ಲ. ಅದು ಈ ಶಾಲೆಯ ಕರಪತ್ರ. ಅದರಲ್ಲಿ ಒಂದು ಸಾಲು, ನಿಮಗೆಲ್ಲ ಬಾಯಿಪಾಠವಾಗಿರುವ ಸಾಲು: ‘ಕಲಿಸಲು ಅವಸರವಿಲ್ಲ, ಕಾಯಲು ಬೇಸರವಿಲ್ಲ.’

“ಇದು ನೋಡಿ” ಅಂದಳು. “ಈ ಮಾತು ಬರೆದವರಿಗೆ ನಮ್ಮ ಪುಟ್ಟಿಯಂಥ ಮಗು ಗೊತ್ತು. ಬೇರೆ ಯಾವ ಸ್ಕೂಲೂ ಬೇಡ. ಇದೇ.”

ನಾನು ಒಲೆ ಆರಿಸಿದೆ. ಇನ್ನೇನು ಮಾಡಲಿ? ಆ ಸಾಲು ಬರೆದ ಮಧ್ಯಾಹ್ನ ನನ್ನ ತಲೆಯಲ್ಲಿ ಯಾವ ಮಗುವೂ ಇರಲಿಲ್ಲ. ದೊಡ್ಡಮ್ಮನವರು ಕೊಟ್ಟಿದ್ದು ನಾಲ್ಕೇ ಸಾಲು: ವಿಳಾಸ, ವೇಳೆ, ವಯಸ್ಸು, ಫೋನು. ಅರ್ಧ ಹಾಳೆ ಖಾಲಿ ಉಳಿಯಿತು. ಯಜಮಾನರು ಬಂದು ನೋಡಿ, “ಏನಯ್ಯ ಬೋಳು ಬೋಳು ಕಾಣುತ್ತೆ, ಹೂವಿನ ಬಾರ್ಡರ್ ಆದ್ರೂ ಹಾಕು, ಪದ್ಯ ಆದ್ರೂ ಹಾಕು” ಅಂದರು. ಬಾರ್ಡರಿನ ಹೂವು ಆಗಲೇ ಒಂದು ಹಲ್ಲಿನ ಆಸ್ಪತ್ರೆಗೆ ಹಾಕಿದ್ದೆ. ಅದಕ್ಕೆ ಇದನ್ನು ಹಾಕಿದೆ.

ಅಯ್ಯೋ.

ಸಭಿಕರು ಕ್ಷಮಿಸಬೇಕು. ಇದು ಇಲ್ಲಿ ಹೇಳಬೇಕೆಂದು ಬಂದ ಮಾತಲ್ಲ. ಉಳಿದ ಸಾಲುಗಳು ನನ್ನವು ಎಂದು ಹೇಳುವ ತನಕ ಸರಿಯಿತ್ತು. ಈ ಸಾಲನ್ನು ಬಿಟ್ಟು ಹೇಳಬೇಕೆಂದು ಟಿಪ್ಪಣಿಯ ಅಂಚಿನಲ್ಲೇ ಗುರುತು ಹಾಕಿಕೊಂಡಿದ್ದೆ. ಮೂರನೇ ಸಾಲಿನಲ್ಲಿ ಒಬ್ಬರು ನೆಟ್ಟಗೆ ಕೂತರು. ನಾನು ಆ ಕಡೆ ನೋಡುವುದಿಲ್ಲ. ದೊಡ್ಡಮ್ಮನವರಿಗೆ ಇದು ಮೊದಲೇ ಗೊತ್ತು. ಫೋನಿನಲ್ಲಿ ಓದಿ ಹೇಳಿದಾಗ “ಇರಲಿ ಬಿಡಿ” ಅಂದವರು ಅವರು.

ಬಾಯಿ ಜಾರಿದ್ದು ಜಾರಿತು, ಈಗ ಪೂರ್ತಿ ಹೇಳುವುದೇ ಲೇಸು. ಅರ್ಧ ಹೇಳಿದರೆ ಮನೆಯಲ್ಲಿ ಉಳಿದರ್ಧ ಕೇಳುತ್ತಾರೆ.

ನನ್ನ ಗೊಂದಲ ಏನೆಂದು ನಿಮಗೆ ಅರ್ಥವಾಯಿತಲ್ಲ? ಪ್ರಾಸಕ್ಕೆ ಬಂದ ಮಾತನ್ನು ನಂಬಿ ಮಗಳನ್ನು ಹೇಗೆ ಒಪ್ಪಿಸಲಿ? ಬೇರೆಯವರು ನಂಬಿ ಬಂದರೆ ಅದು ಮಾಹಿತಿ. ನಾನೇ ನಂಬಿದರೆ ಅದಕ್ಕೆ ಏನೆನ್ನಬೇಕು? ಹೆಂಡತಿಗೆ ನಿಜ ಹೇಳಿದರೆ ಈ ಶಾಲೆ ಹೋಗುತ್ತದೆ, ಸೀಟು ಗಟ್ಟಿಯಾಗುತ್ತದೆ, ಮಾತು ಬಿಡಿಸುವ ಟೀಚರ್ ಬರುತ್ತಾರೆ. ಹೇಳದಿದ್ದರೆ ನನ್ನ ಮಗಳು ನನ್ನ ಹೂವಿನ ಬಾರ್ಡರಿನ ಒಳಗೆ ಕೂರುತ್ತಾಳೆ. ಯಾವುದು ಸರಿ? ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಕೆಮ್ಮಿದೆ. ಒಂದು ತಿಂಗಳು ನೋಡೋಣ ಅಂದೆ. “ಸರಿ, ಸ್ಯಾಂಪಲ್ ಕೊಟ್ಟ ಹಾಗಾಗುತ್ತೆ” ಅಂದಳು.

ಆ ತಿಂಗಳು ನಡೆದದ್ದು ಹೀಗೆ. ಪುಟ್ಟಿ ಒಳಗೆ ಬರಲಿಲ್ಲ. ಬಾಗಿಲ ಬಳಿ ಚಪ್ಪಲಿ ಗೂಡು ಇದೆಯಲ್ಲ, ಅದರ ಪಕ್ಕ ಗೋಡೆಗೆ ಒರಗಿ ಕೂತಳು. ಒಳಗೆ ಮಕ್ಕಳು ಮರದ ತುಂಡು ಜೋಡಿಸುತ್ತಿದ್ದರು, ನೀರು ಸುರಿಯುತ್ತಿದ್ದರು, ಜಗಳ ಮಾಡುತ್ತಿದ್ದರು. ಇವಳು ಹೊರಗೆ. ಆಯಮ್ಮ ಬಂದು, “ಬಾ ಚಿನ್ನ, ಗೊಂಬೆ ಕೊಡ್ತೀನಿ” ಅಂದರು. ಬರಲಿಲ್ಲ. ಆಮೇಲೆ ದೊಡ್ಡಮ್ಮನವರು ಬಂದರು. ಕರೆಯಲಿಲ್ಲ. ಮಂಡಿ ನೋವಿದ್ದರೂ ಉಸ್ಸಪ್ಪಾ ಎಂದು ಅವಳ ಪಕ್ಕ ನೆಲದ ಮೇಲೆ ಕೂತು ಮಕ್ಕಳ ಚಪ್ಪಲಿಗಳನ್ನು ಜೊತೆ ಮಾಡತೊಡಗಿದರು. ಮುಗಿದ ಮೇಲೆ ಎದ್ದು ಹೋದರು. ಮರುದಿನವೂ ಅಷ್ಟೇ. ಅದರ ಮರುದಿನವೂ. ನಾನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ನೋಡುತ್ತಿದ್ದೆ. ಬೇಡದ ಕಾಗದಗಳನ್ನೆಲ್ಲ ಜೆರಾಕ್ಸ್ ಮಾಡಿಸಿದ್ದೇನೆ, ಆ ಅಂಗಡಿಯವರು ಇಲ್ಲಿದ್ದರೆ ಅವರಿಗೂ ನಮಸ್ಕಾರ.

ಒಂದು ದಿನ ದೊಡ್ಡಮ್ಮನವರು ಕನ್ನಡಕ ಮರೆತಿದ್ದರು. ಎರಡು ಬೇರೆ ಬೇರೆ ಮಕ್ಕಳ ನೀಲಿ ಚಪ್ಪಲಿಗಳನ್ನು ಒಂದೇ ಜೊತೆ ಎಂದು ಗೂಡಿಗಿಟ್ಟರು. ಪುಟ್ಟಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಒಂದನ್ನು ತೆಗೆದು ಬೇರೆ ಕಡೆ ಇಟ್ಟಳು. ಅಷ್ಟೇ. ಮಾತಿಲ್ಲ, ನಗುವಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ಕೇಳಿದಳು, “ಇವತ್ತಿನ ರಿಪೋರ್ಟ್ ಏನು?”

“ಒಂದು ಜೊತೆ ಸರಿ ಮಾಡಿದಳು.”

“ಅದು ಪಾಸಿಟಿವ್ವಾ, ನೆಗೆಟಿವ್ವಾ?”

ನನಗೆ ಗೊತ್ತಿರಲಿಲ್ಲ. ನನಗೆ ಈಗಲೂ ಗೊತ್ತಿಲ್ಲ. ಕರಡು ತಿದ್ದುವವನ ಮಗಳು ಕರಡು ತಿದ್ದಿದಳು ಅಂತ ನಾನು ಖುಷಿಪಟ್ಟೆ, ಆದರೆ ಅದು ಮಾಹಿತಿಯಲ್ಲ.

ಮೊನ್ನೆ ತಡೆಯಲಾರದೆ ದೊಡ್ಡಮ್ಮನವರನ್ನೇ ಕೇಳಿದೆ. ಅವರು ಮೊದಲು ಟ್ಯೂಷನ್ ನಡೆಸುತ್ತಿದ್ದವರು. ಪರೀಕ್ಷೆಗೆ ಮುಂಚೆ ಮೂರು ವಾರದಲ್ಲಿ ಇಡೀ ಪುಸ್ತಕ ಗಂಟಲಿಗೆ ಇಳಿಸುವುದರಲ್ಲಿ ಹೆಸರುವಾಸಿ. “ನಾನು ಬರೆಯೋಕೆ ಮುಂಚೆ ನೀವು ಹೀಗೇ ಕಾಯ್ತಾ ಇದ್ರಾ?” ಅಂದೆ.

ಅವರು ನಕ್ಕರು. “ಎಲ್ಲಿ ಬಂತು! ನನ್ನಷ್ಟು ಅವಸರದವರು ಇರಲಿಲ್ಲ. ನಿಮ್ಮ ಸಾಲು ಓದ್ಕೊಂಡು ಜನ ಬರೋಕೆ ಶುರು ಮಾಡಿದ್ರು. ಒಬ್ಬಪ್ಪ ಬಾಗಿಲಲ್ಲೇ ನಿಂತು, ನೀವು ಕಾಯ್ತೀರಂತಲ್ಲ, ಅದಕ್ಕೇ ಬಂದೆ ಅಂದ. ನಾನು ಒಳಗೆ ಹೋಗಿ ನನ್ನ ಕರಪತ್ರ ನಾನೇ ಓದಿ ನೋಡ್ದೆ. ಆಮೇಲೆ ಏನ್ ಮಾಡ್ಲಿ, ಕಾದೆ.”

ನೋಡಿ ಸಭಿಕರೇ. ಇದು ನನ್ನ ಗೊಂದಲವನ್ನು ಕಡಿಮೆ ಮಾಡಿತೋ, ಹೆಚ್ಚು ಮಾಡಿತೋ? ಶಾಲೆ ನೋಡಿ ಸಾಲು ಬರೆಯುತ್ತಾರೆ ಅಂತ ನಾನು ತಿಳಿದಿದ್ದೆ. ಇಲ್ಲಿ ಸಾಲು ನೋಡಿ ಶಾಲೆ ನಡೆಸಿದ್ದಾರೆ.

“ಹೋಗಲಿ, ನನ್ನ ಮಗಳು ಮಾತಾಡ್ತಾಳಾ?” ಅಂದೆ.

“ಗೊತ್ತಿಲ್ಲ.”

“ಒಳಗೆ ಬರ್ತಾಳಾ?”

“ಗೊತ್ತಿಲ್ಲ ಕಣಪ್ಪ.”

“ನೀವು ಅಲ್ಲಿವರೆಗೂ ಕೂತಿರ್ತೀರಾ?”

“ಕೂತಿರ್ತೀನಿ. ಆದ್ರೆ ಬೇಸರ ಇಲ್ಲ ಅಂತ ಬರೆದಿದ್ದೀರಲ್ಲ, ಅದು ಸುಳ್ಳು. ವಿಪರೀತ ಬೇಸರ ಆಗುತ್ತೆ. ಮಂಡಿ ನೋಯುತ್ತೆ, ನಿದ್ದೆ ಬರುತ್ತೆ, ಒಂದೊಂದು ದಿನ ಈ ಮಗೂನ ಎತ್ಕೊಂಡು ಒಳಗೆ ಹಾಕಿಬಿಡಲಾ ಅನ್ಸುತ್ತೆ. ಮುಂದಿನ ಸಲ ಅಚ್ಚು ಹಾಕುವಾಗ ಅದನ್ನ ಸರಿ ಮಾಡಿ.”

ನಾನು ಇಷ್ಟು ವರ್ಷ ಎಷ್ಟೋ ಶಾಲೆಗಳ ಕರಪತ್ರ ತಿದ್ದಿದ್ದೇನೆ. ಎಲ್ಲರಿಗೂ ಎಲ್ಲವೂ ಗೊತ್ತು. ಮಗುವಿನ ಮೆದುಳು ಗೊತ್ತು, ಮನಸ್ಸು ಗೊತ್ತು, ನಾಳೆ ಗೊತ್ತು. ‘ನಮಗೆ ಗೊತ್ತಿಲ್ಲ’ ಎಂಬ ಎರಡು ಪದ ಅಚ್ಚು ಹಾಕಿಕೊಡಿ ಎಂದು ಒಬ್ಬರೂ ನನ್ನ ಕೌಂಟರಿಗೆ ಬಂದಿಲ್ಲ. ನನ್ನ ಸಾಲನ್ನು ನನ್ನ ಮುಖಕ್ಕೆ ತಿದ್ದಿ ಕೊಟ್ಟವರೂ ಇವರೊಬ್ಬರೇ.

ಪಕ್ಕದ ಕೊಠಡಿಗೆ ಬರುವ ಮನೆಯವರಿಗೆ ತಜ್ಞನಾಗಿ ಏನಾದರೂ ಹೇಳಬೇಕಲ್ಲ, ಅದಕ್ಕೆ ಹೇಳುತ್ತೇನೆ. ತಂತಿಯ ಮೇಲಿರುವುದನ್ನು ಓದಿ, ನಂಬರ್ ಬರೆದುಕೊಳ್ಳಿ, ಸಾಲುಗಳನ್ನು ಅಲ್ಲೇ ಬಿಟ್ಟುಹೋಗಿ. ಶಾಲೆಗೆ ಹೋದಾಗ ಚೆನ್ನಾಗಿ ಆಡುತ್ತಿರುವ ಮಕ್ಕಳನ್ನು ನೋಡಬೇಡಿ, ಅವರು ಎಲ್ಲಿ ಬಿಟ್ಟರೂ ಆಡುತ್ತಾರೆ. ಆಟಕ್ಕೆ ಸೇರದ ಮಗು ಎಲ್ಲಿ ಕೂತಿದೆ ಹುಡುಕಿ. ಅದರ ಪಕ್ಕ ಯಾರಾದರೂ ಇದ್ದಾರಾ ನೋಡಿ. ನಡೆಸುವವರನ್ನು ‘ನಿಮಗೆ ಗೊತ್ತಿಲ್ಲದ್ದು ಏನು?’ ಎಂದು ಕೇಳಿ. ಕೋಪ ಮಾಡಿಕೊಂಡರೆ ಎದ್ದು ಬನ್ನಿ. ನಾನು ಇದನ್ನು ಮೊದಲೇ ಹೇಳಬಹುದಿತ್ತು, ಕಾಗದದ ದಪ್ಪ ಹೇಳುವ ಬದಲು. ಮೊದಲು ನನಗೂ ತಿಳಿದಿರಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಅಂತೇನಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಓದುವುದಿಲ್ಲ, ಏನಿದೆ ಎಂದು ಗೊತ್ತು.

ಭಾವ, ಇದನ್ನು ಮನೆಯಲ್ಲೇ ಹೇಳಬೇಕಿತ್ತು. ಮನೆಯಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ನೀವು ಒಂದು ಬಸ್ಸಿನ ಕಥೆ ಶುರು ಮಾಡುತ್ತೀರಿ, ನಾನೂ ಅದಕ್ಕೊಂದು ಪ್ರಾಸ ಸೇರಿಸಿ ನಗುತ್ತೇನೆ. ಇಲ್ಲಿ ಮೈಕು ನನ್ನ ಕೈಯಲ್ಲಿದೆ, ನೀವು ಕೇಳಲೇಬೇಕು. ನೀವು ಹಿಡಿದಿಟ್ಟ ಸೀಟು ನಮಗೆ ಬೇಡ. ಅದನ್ನು ಬೇರೆ ಮಗುವಿಗೆ ಕೊಡಿ. ಮಾತು ಬಿಡಿಸಿಕೊಳ್ಳುವುದು ಏನೆಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ನನಗೆ ಈ ಶಾಲೆಯ ಮೇಲೆ ಪೂರ್ತಿ ನಂಬಿಕೆ ಇದೆ ಅಂತ ಅಲ್ಲ. ಅವಳು ಮುಂದಿನ ವರ್ಷವೂ ಬಾಗಿಲಲ್ಲೇ ಕೂತಿರಬಹುದು. ಆಗ ನೀವು “ನಾನು ಹೇಳಿರಲಿಲ್ವಾ?” ಅನ್ನಬಹುದು, ನಾನು ಎದುರು ಮಾತಾಡುವುದಿಲ್ಲ. ನನಗೆ ಹೆದರಿಕೆ ಇದೆ. ಆದರೂ ಅವಳು ಇಲ್ಲೇ ಇರಲಿ. ನೋಡಿ, ಒಂದೂ ಪ್ರಾಸ ಬರಲಿಲ್ಲ.

ಇನ್ನು ಮೂರನೇ ಸಾಲಿನವರು. ಇಷ್ಟು ಹೊತ್ತು ಆ ಕಡೆ ನೋಡಿರಲಿಲ್ಲ, ಈಗ ನೋಡುತ್ತಿದ್ದೇನೆ. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಭುಜ ಅಲುಗುತ್ತಿದೆ. ನಗುತ್ತಿದ್ದಾಳೋ, ಅಳುತ್ತಿದ್ದಾಳೋ, ಸಾಲು ನನ್ನದೆಂಬುದನ್ನು ಮುಚ್ಚಿಟ್ಟಿದ್ದಕ್ಕೆ ಸಿಟ್ಟೋ, ಇಲ್ಲಿಂದ ತಿಳಿಯುತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಓದಲು ಬಾರದ ಕರಡು ಅದೊಂದೇ. ಕೆಳಗಿಳಿದು, ಪಕ್ಕದಲ್ಲಿ ಕೂತು, ಏನು ಸಿಗುತ್ತದೋ ತಿಳಿದುಕೊಳ್ಳುತ್ತೇನೆ.

ಕುರ್ಚಿ ಜೋಡಿಸಿದವರಿಗೆ, ಕ್ಲಿಪ್ಪು ಕೊಂಡುತಂದವರಿಗೆ, ಮಧ್ಯದಲ್ಲಿ ಎದ್ದುಹೋಗದೆ ಕೂತ ನಿಮಗೆಲ್ಲರಿಗೆ, ನಾನು ಮಾತಾಡುವಾಗಲೂ ಬಾಗಿಲ ಕಡೆಗೇ ಒಂದು ಕಣ್ಣಿಟ್ಟಿದ್ದ ದೊಡ್ಡಮ್ಮನವರಿಗೆ, ಸೀಟು ಹಿಡಿದು ಹಿಡಿದು ಕೈ ಸೋತಿರುವ ನಮ್ಮ ಭಾವನವರಿಗೆ, ನನ್ನ ಕೃತಜ್ಞತೆ. ಅಧ್ಯಕ್ಷರೇ, ಮೈಕು ತೆಗೆದುಕೊಳ್ಳಿ, ನಾನು ಇಳಿಯಬೇಕು.

ನಮಸ್ಕಾರ.